ಬೈಂದೂರಿನಿಂದ ಬ್ರಹ್ಮಾವರದವರೆಗೆ ಒಂದೇ ದೋಣಿ

ಬೀಜಾಡಿ

ನಾನು ಮಲೇಷ್ಯಾಕ್ಕೆ ಹೋದದ್ದು ಮಲೇಷ್ಯಾ ನೋಡಲಿಕ್ಕಲ್ಲ, ಅಕ್ಕನನ್ನು ಕರೆದುಕೊಂಡು ಬರಲಿಕ್ಕೆ. ಹಾಗಾಗಿ ಅಲ್ಲಿನ ಜೋಡಿ ಗೋಪುರ ಹೇಗಿದೆ, ಪೇಟೆ ಹೇಗಿದೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನಾನು ನೋಡಿಕೊಂಡು ಬಂದದ್ದು ಒಂದು ಹಾಯಿದೋಣಿಯ ಒಳಹೊಟ್ಟೆಯನ್ನು, ಮತ್ತು ಅದರೊಳಗೆ ಗಂಡ ಹೆಂಡತಿ ದಿಕ್ಕಿನ ವಿಷಯಕ್ಕೆ ಬೆಳಗ್ಗಿನಿಂದ ಸಂಜೆಯವರೆಗೆ ಮಾಡುವ ಜಗಳವನ್ನು.

ನನ್ನ ಅಕ್ಕ ಜಲಜ ಮದುವೆಯಾಗಿ ಮುಂಬೈಗೆ ಹೋದವಳು. ಸುಧಾಕರ ಭಾವನಿಗೆ ಅಲ್ಲಿ ಹೋಟೆಲು. ಭಾವ ಗಲ್ಲೆಯಲ್ಲಿ, ಅಕ್ಕ ಹಿಂದಿನ ಅಡುಗೆಮನೆಯಲ್ಲಿ. ಇಬ್ಬರ ಆಯುಷ್ಯದ ಒಳ್ಳೆಯ ಭಾಗ ಇಡ್ಲಿಯ ಹಬೆಯಲ್ಲಿಯೇ ಹೋಯಿತು. ಹೋಟೆಲು ಮಾರಿದ ಮೇಲೆ ಊರಿಗೆ ಬಂದು ನಮ್ಮ ಮನೆಯ ಪಕ್ಕದ ಜಾಗದಲ್ಲಿ ಮನೆ ಕಟ್ಟುವುದೆಂದು ಮೊದಲಿನಿಂದಲೂ ಮಾತಾಗಿತ್ತು. ಆ ಜಾಗಕ್ಕೆ ನಾನು ಬೇಲಿ ಹಾಕಿಸಿದ್ದೆ, ತೆಂಗಿನ ಸಸಿ ಇಟ್ಟಿದ್ದೆ, ಬಾವಿಗೆ ನೀರು ನೋಡಿಸಿದ್ದೆ. ಎರಡು ಮನೆಗಳ ನಡುವೆ ಗೋಡೆ ಬೇಡ, ದಾಟಿ ಹೋಗಲು ಸಣ್ಣದೊಂದು ತಡಮೆ ಸಾಕು ಎಂದೂ ನಾನೇ ನಿಶ್ಚಯಿಸಿದ್ದೆ. ಹೋಟೆಲು ಮಾರಿಯೂ ಆಯಿತು. ಆದರೆ ಊರಿಗೆ ಬಂದದ್ದು ಅಕ್ಕನಲ್ಲ, ಅಕ್ಕನ ಒಂದು ಫೋಟೋ. ಮಲೇಷ್ಯಾದ ಲಂಕಾವಿ ಎಂಬ ದ್ವೀಪದ ನೀರಿನಲ್ಲಿ ಒಂದು ಬಿಳಿ ಹಾಯಿದೋಣಿ, ಅದರ ಮೇಲೆ ನಿಂತು ಕೈಬೀಸುತ್ತಿರುವ ಅಕ್ಕ. ಕೆಳಗೆ ‘ನಮ್ಮ ಹೊಸ ಮನಿ’ ಎಂದು ಬರೆದಿತ್ತು.

ಹೋಟೆಲಿಗೆ ದಿನಾ ಊಟಕ್ಕೆ ಬರುತ್ತಿದ್ದ ಹಡಗಿನ ಮುದಿ ಕ್ಯಾಪ್ಟನೊಬ್ಬರು ಲಂಕಾವಿಯಲ್ಲಿ ನಿಲ್ಲಿಸಿದ್ದ ತಮ್ಮ ದೋಣಿಯನ್ನು ಭಾವನಿಗೆ ಮಾರಿದ್ದರಂತೆ. ನಮ್ಮ ಬೀಜಾಡಿಯಲ್ಲಿ ದೋಣಿ ಎಂದರೆ ಹೋಗಿ ಮೀನು ಹಿಡಿದುಕೊಂಡು ಬರುವ ವಸ್ತು. ಅದರಲ್ಲಿ ಸಂಸಾರ ಹೂಡುವುದನ್ನು ಯಾರೂ ಕೇಳಿರಲಿಲ್ಲ. ಭಾವನಿಗೆ ತಲೆ ಕೆಟ್ಟಿದೆ, ಪಾಪದ ಜಲಜನನ್ನು ನೀರಿನ ಮೇಲೆ ಎಳೆದುಕೊಂಡು ತಿರುಗುತ್ತಿದ್ದಾನೆ ಎಂದು ನೆಂಟರೆಲ್ಲ ತೀರ್ಮಾನಿಸಿದರು. ನಾನೂ ಹಾಗೆಯೇ ತಿಳಿದಿದ್ದೆ. ವರ್ಷ ಕಳೆದ ಮೇಲೆ ಇನ್ನೊಂದು ಸುದ್ದಿ ಬಂತು. ದೋಣಿ ಲಂಕಾವಿಯಲ್ಲಿಯೂ ನಿಲ್ಲುವುದಿಲ್ಲ, ತೆಂಕು ದಿಕ್ಕಿಗೆ ಹೊರಡುತ್ತದೆ, ಇಂಡೋನೇಷ್ಯಾ ದಾಟಿ ಆಸ್ಟ್ರೇಲಿಯಾದ ತನಕ. ತಿರುಗಿ ಬರುವುದು ಯಾವಾಗ ಎಂದರೆ ಅದನ್ನು ಗಾಳಿಯ ಹತ್ತಿರ ಕೇಳಬೇಕಂತೆ.

ಮರುದಿನ ಭಾವನ ಫೋನು ಬಂತು. ಬರೀ ಪಿಸುಮಾತು.

“ಸುಮತಿ, ನೀ ಒಂದ್ಸಲ ಬಾ ಮಾರಾಯ್ತಿ. ಬಂದ್ ನಿನ್ನ ಅಕ್ಕನ್ನ ಕರ್ಕಂಡ್ ಹೋಗ್.”

“ನೀವೇ ಕಳ್ಸಿ ಭಾವ.”

“ನಾ ಹೇಳ್ರೆ ಆತಿಲ್ಲೆ. ನೀ ಬಾ.”

ಕೋಟೇಶ್ವರದಲ್ಲಿ ನಮ್ಮದು ಅಕ್ಕಿ ಮಿಲ್ಲು. ನಾನು ಹೊರಡುತ್ತೇನೆ ಎಂದಾಗ ನನ್ನ ಗಂಡ ಒಂದು ಮಾತೂ ಅಡ್ಡ ಹೇಳದೆ ಟಿಕೆಟು ಮಾಡಿಸಿದರು. ನನ್ನ ಬಾಯಿಯಿಲ್ಲದೆ ಮಿಲ್ಲು ಕೆಲವು ದಿನ ಹೇಗೆ ನಡೆಯುತ್ತದೆಂದು ನೋಡುವ ಆಸೆ ಅವರಿಗೂ ಕೆಲಸದವರಿಗೂ ಬಹಳ ಕಾಲದಿಂದ ಇತ್ತೆಂದು ಕಾಣುತ್ತದೆ.

ಕಸ್ಟಮ್ಸಿನವನ ಹಲ್ಲು

ಅಕ್ಕನಿಗೆಂದು ನಮ್ಮ ಮಿಲ್ಲಿನ ಕುಚ್ಚಲಕ್ಕಿಯ ಗಂಟೊಂದನ್ನು ಕಟ್ಟಿಕೊಂಡಿದ್ದೆ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಸಾಧು ಮುಖದ ಅಧಿಕಾರಿ ಅದನ್ನು ಬಿಚ್ಚಿ ಇದೇನು ಎಂದು ಕೇಳಿದ. ‘ಬಾಯ್ಲ್ಡ್ ರೈಸ್’ ಎಂದೆ. ಬೇಯಿಸಿದ ಅನ್ನವನ್ನು ಇಷ್ಟು ದೂರ ಯಾಕೆ ತಂದಿರಿ ಎಂದ. ಅನ್ನವಲ್ಲ, ಅಕ್ಕಿ ಎಂದೆ. ಹಾಗಾದರೆ ಬೇಯಿಸಿಲ್ಲವೇ? ಬೇಯಿಸಿದೆ. ಹಾಗಾದರೆ ತಿನ್ನಬಹುದೇ? ಆಗುವುದಿಲ್ಲ, ಪುನಃ ಬೇಯಿಸಬೇಕು. ಒಂದು ಸಲ ಬೇಯಿಸಿದ್ದನ್ನು ಒಣಗಿಸಿ ಪುನಃ ಬೇಯಿಸುವುದು ಯಾಕೆ ಎಂದು ಅವನು ಬಹಳ ವಿನಯದಿಂದ ಕೇಳಿದ. ಹುಟ್ಟಿದಂದಿನಿಂದ ಅದೇ ಅಕ್ಕಿ ಉಂಡು, ಅದನ್ನೇ ಮಾರಿ ಬದುಕುವ ನನಗೆ ಆ ಪ್ರಶ್ನೆ ಒಂದು ದಿನವೂ ಹೊಳೆದಿರಲಿಲ್ಲ. ಅವನು ಒಂದು ಕಾಳು ಬಾಯಿಗೆ ಹಾಕಿ ಕಡಿದ. ಆಮೇಲೆ ಕೆನ್ನೆ ಹಿಡಿದುಕೊಂಡು ನಿಂತ.

ಅಕ್ಕಿ ಒಳಗೆ ಬಿಡುವ ಕ್ರಮ ಇಲ್ಲವಂತೆ. ಗಂಟನ್ನು ಅಲ್ಲಿಯೇ ಇಡಿಸಿಕೊಂಡರು. ಅಕ್ಕಿ ಹಾಳಾಗಬಾರದೆಂದು ನಾನು ಅವನಿಗೆ ಗಂಜಿ ಮಾಡುವ ಕ್ರಮವನ್ನು ಕೈಸನ್ನೆಯಲ್ಲಿ ಹೇಳಿಕೊಟ್ಟು ಮುಂದೆ ಬಂದೆ. ಹಿಂದೆ ಸಾಲಿನಲ್ಲಿ ನಿಂತಿದ್ದವರಿಗೆ ಸ್ವಲ್ಪ ಸಿಟ್ಟು ಬಂದಿರಬೇಕು.

ಲಂಗರು ಹಾಕಿದ ಜಾಗ

ಲಂಕಾವಿಯಲ್ಲಿ ದೋಣಿ ಕಟ್ಟುವ ಧಕ್ಕೆಗೆ ನನ್ನನ್ನು ಕರೆಯಲು ಅಕ್ಕ ಬಂದಳು. ಬಂದದ್ದು ರಬ್ಬರಿನ ಸಣ್ಣ ದೋಣಿಯಲ್ಲಿ, ಅದರ ಇಂಜಿನನ್ನು ತಾನೇ ನಡೆಸಿಕೊಂಡು. ಮೈಮೇಲೆ ಭಾವನ ಅಂಗಿ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ. ಮೊದಲೆಲ್ಲ ಕುಂದಾಪುರದಿಂದ ಗಂಗೊಳ್ಳಿಗೆ ದೋಣಿಯಲ್ಲಿ ದಾಟುವಾಗ ನನ್ನ ಸೆರಗು ಹಿಡಿದು ಕಣ್ಣು ಮುಚ್ಚಿ ಕೂರುತ್ತಿದ್ದವಳು ಇವಳೇ ಎಂದು ನಂಬುವುದು ಕಷ್ಟವಾಯಿತು.

“ಹ್ವಾಯ್, ಎಂತ ಬಾಯ್ಬಿಟ್ಟ್ ಕಾಂತೆ? ಬೇಗ ಹತ್ತ್. ನೀರ್ ಇಳಿತಾ ಇತ್ತ್” ಎಂದಳು.

ನೀರಿನ ಮಧ್ಯೆ ಲಂಗರು ಹಾಕಿ ನಿಂತ ದೋಣಿಯ ಒಳಗೆ ಇಳಿದರೆ ರೈಲಿನ ಡಬ್ಬಿಗೆ ಹೊಕ್ಕ ಹಾಗೆ. ಕೂರುವ ಸೀಟೇ ಮಲಗುವ ಮಂಚ, ಅದರ ಕೆಳಗೆ ಉಪ್ಪಿನಕಾಯಿ ಭರಣಿ, ಅದರ ಕೆಳಗೆ ಇಂಜಿನಿನ ಬಿಡಿಭಾಗ. ಹೋಟೆಲು ಮಾರುವಾಗ ಭಾವ ಗೋಡೆಯ ಬೋರ್ಡುಗಳನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ‘ತಟ್ಟೆಯಲ್ಲಿ ಕೈ ತೊಳೆಯಬಾರದು’ ಎಂಬುದು ಒಲೆಯ ಮೇಲಿತ್ತು. ‘ಹೆಚ್ಚು ಹೊತ್ತು ಕೂರಬಾರದು’ ಎಂಬುದನ್ನು ಕಕ್ಕಸಿನ ಬಾಗಿಲಿಗೆ ಹೊಡೆದಿದ್ದರು. ಆ ಕಕ್ಕಸಿಗೆ ಒಂದು ಕೈಪಂಪು. ಒಳಗೆ ಕೂತವರು ಪಂಪು ಹೊಡೆಯುವ ಸದ್ದು ಕೇಳದಿದ್ದರೆ ಭಾವ ಹೊರಗಿನಿಂದ ಬಾಗಿಲು ತಟ್ಟಿ, “ಹೊಡಿ ಸುಮತಿ, ಹೊಡಿ!” ಎಂದು ಪ್ರೋತ್ಸಾಹ ಕೊಡುತ್ತಿದ್ದರು. ಅಂಥ ಪ್ರೋತ್ಸಾಹ ನನ್ನ ಶತ್ರುವಿಗೂ ಬೇಡ.

ದೀರ್ಘ ಪ್ರಯಾಣದ ತಯಾರಿ ಎಂದರೆ ಮದುವೆಮನೆಯೇ. ಹಪ್ಪಳ, ಸಂಡಿಗೆ, ಒಣಮೀನು, ಮೆಣಸು, ಬೆಲ್ಲ ಎಲ್ಲ ಬಂದು ಬೀಳುತ್ತಿತ್ತು. ಮದುವೆಗೂ ಇದಕ್ಕೂ ಒಂದೇ ವ್ಯತ್ಯಾಸ, ಇಲ್ಲಿ ಮುಹೂರ್ತವೇ ಬರುತ್ತಿರಲಿಲ್ಲ. ತೆಂಕಿಗೆ ಹೋಗುವ ಗಾಳಿ ವರ್ಷಕ್ಕೆ ಕೆಲವು ತಿಂಗಳು ಮಾತ್ರವಂತೆ. ಜೊತೆಗಿದ್ದ ದೋಣಿಗಳೆಲ್ಲ ಹೊರಟುಹೋಗಿದ್ದವು. ಉಳಿದದ್ದು ನಮ್ಮದು, ಮತ್ತೆ ಪಕ್ಕದ ಫ್ರೆಂಚ್ ಮುದುಕ ಪಿಯರನದು. ಅವನು ದೋಣಿಯ ಅಂಚಿನಲ್ಲಿ ಕುಂಡದಲ್ಲಿ ತುಳಸಿ ಬೆಳೆಸಿದ್ದ, ಅದನ್ನು ದಿನಾ ಚಿವುಟಿ ಟೊಮೆಟೊ ಜೊತೆ ತಿನ್ನುತ್ತಿದ್ದ. ಅಕ್ಕ ಅದನ್ನು ನೋಡುವಾಗೆಲ್ಲ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದಳು.

ಹೊರಡುವ ದಿನ ಹತ್ತಿರ ಬಂತೆಂದರೆ ಭಾವನಿಗೆ ದೋಣಿಯಲ್ಲಿ ಏನಾದರೊಂದು ಹಾಳಾಗಿ ಕಾಣುತ್ತಿತ್ತು. ಕಳೆದ ವರ್ಷ ಪಂಪು, ಈ ವರ್ಷ ಹಾಯಿಯ ಹೊಲಿಗೆ. ಏನೂ ಹಾಳಾಗದಿದ್ದಾಗ ಶಾಸ್ತ್ರ.

“ತೆಂಕ್ ಅಂದ್ರೆ ಯಮನ ದಿಕ್ಕ್ ಅಲ್ದಾ ಸುಮತಿ?” ಎಂದು ನನ್ನನ್ನು ಮಧ್ಯಸ್ಥಿಕೆಗೆ ಎಳೆದರು.

“ಮುಂಬೈಯಿಂದ ಊರಿಗ್ ಬಪ್ಪುದೂ ತೆಂಕಿಗೇ. ಆಗ ಯಮ ಎಲ್ಲಿಗ್ ಹೋಯಿದ್ದ?” ಎಂದು ಅಕ್ಕ ಒಲೆಯ ಹತ್ತಿರದಿಂದಲೇ ಕೇಳಿದಳು.

ಅಲ್ಲಿಗೆ ನನ್ನ ತಲೆಯೊಳಗಿನ ಲೆಕ್ಕವೆಲ್ಲ ತಲೆಕೆಳಗಾಯಿತು. ಭಾವ ಮೇಲೆ ಹೋದದ್ದೇ ಅಕ್ಕನನ್ನು ಹಿಡಿದು ಕೇಳಿದೆ. ಅವಳು ಮುಚ್ಚಿಡಲಿಲ್ಲ.

“ದೋಣಿ ತಕಂಬ ಅಂದದ್ದ್ ನಾನ್. ಇವ್ರಿಗ್ ಹೆದ್ರಿಕಿ. ಹೆಂಡ್ತಿ ಮಾತ್ ಕೇಂಡ್ ದೋಣಿ ಹತ್ತಿದ ಅಂಬ್ರ್ ಅಂದೇಳಿ ಊರಲ್ಲ್ ಇದೆಲ್ಲ ತನ್ನದೇ ಆಸಿ ಅಂತ್ರ್.”

“ಮನಿ ಕಟ್ಟುದ್?”

“ಮನಿ ಕಟ್ರೆ ಅದ್ರೊಳ್ಗೇ ಕೂಕಂತೆ ಹೆಣೆ. ನನ್ನ ನಂಗ್ ಗೊತ್ತಿತ್ತ್. ಇಷ್ಟ್ ವರ್ಷ ಕಿಟಕಿ ಇಲ್ದ ಅಡ್ಗಿಮನಿ ಕಂಡದ್ದ್ ಸಾಕ್.”

ನನಗೆ ಬಂದದ್ದು ಸಿಟ್ಟು. ಇಷ್ಟು ವರ್ಷ ಆ ಜಾಗದ ಕಳೆ ಕೀಳಿಸಿದವಳು ನಾನು. ಅಕ್ಕನಿಗೆ ಕಿಟಕಿ ಬೇಕಿದ್ದರೆ ಬೀಜಾಡಿಯಲ್ಲಿ ಎಷ್ಟು ಬೇಕಾದರೂ ಇಡಿಸಬಹುದಿತ್ತು. ಹೇಗಾದರೂ ಮಾಡಿ ಇವಳನ್ನು ಕರೆದುಕೊಂಡೇ ಹೋಗುವುದು ಎಂದು ಇನ್ನಷ್ಟು ಗಟ್ಟಿ ಮಾಡಿದೆ.

ಮಧ್ಯಾಹ್ನದ ನಿದ್ದೆ

ನಮ್ಮ ಕಡೆಯವರಿಗೆ ಎಡ ಬಲ ಬರುವುದಿಲ್ಲ, ಉತ್ತರಕ್ಕೆ ಬಡಗು, ದಕ್ಷಿಣಕ್ಕೆ ತೆಂಕು, ಪೂರ್ವಕ್ಕೆ ಮೂಡು, ಪಶ್ಚಿಮಕ್ಕೆ ಪಡು ಎಂದು ದಿಕ್ಕಿನಲ್ಲೇ ಮಾತು. ಬಸ್ಸಿನ ಸೀಟಿನಲ್ಲಿ ಕೂತವರಿಗೂ ‘ಸ್ವಲ್ಪ ಬಡಗಿಗೆ ಸರೀನಿ’ ಎನ್ನುತ್ತೇವೆ. ಎಲೆಯಲ್ಲಿ ಉಪ್ಪು ಮೂಡು ಬದಿಗೆ, ಪಲ್ಯ ಪಡು ಬದಿಗೆ. ನನ್ನ ಅತ್ತೆಯವರು ಡಾಕ್ಟರ ಹತ್ತಿರ ತೆಂಕು ಬದಿಯ ಹಲ್ಲು ನೋವು ಎಂದು ಹೇಳಿ, ಅವರು ಕುರ್ಚಿ ತಿರುಗಿಸಿದ ಮೇಲೆ ‘ಈಗ ಬಡಗು ಬದಿದ್’ ಎಂದು ತಿದ್ದಿದವರು. ಮನೆ ಒಂದು ಕಡೆ ನಿಂತಿರುವ ತನಕ ಇದರಿಂದ ಯಾರಿಗೂ ತೊಂದರೆಯಿಲ್ಲ.

ಲಂಗರು ಹಾಕಿದ ದೋಣಿ ಹಾಗಲ್ಲ. ನೀರಿನ ಸೆಳೆತ ಬದಲಾದ ಹಾಗೆ ಅದು ಹಗ್ಗಕ್ಕೆ ಕಟ್ಟಿದ ದನದ ಹಾಗೆ ಸುತ್ತ ತಿರುಗುತ್ತದೆ. ಸಕ್ಕರೆ ಎಲ್ಲಿದೆ ಎಂದು ಕೇಳಿದರೆ ಅಕ್ಕ ಮೂಡು ಬದಿಯ ಕಪಾಟಿನಲ್ಲಿ ಎನ್ನುತ್ತಾಳೆ. ಅವಳು ಇಟ್ಟದ್ದು ಬೆಳಿಗ್ಗೆ, ನಾನು ಹುಡುಕುವುದು ಮಧ್ಯಾಹ್ನ, ಮೂಡು ಬದಿಯಲ್ಲಿ ಈಗ ಸುತ್ತಿಗೆ, ಮೊಳೆ. ಭಾವ ಚಹಾಕ್ಕೆ ಅಡುಗೆ ಸೋಡ ಹಾಕಿ ಕುಡಿದ ದಿನವೂ ಇತ್ತು.

ನನ್ನ ಕಷ್ಟ ಬೇರೆ. ಬಡಗಿಗೆ ತಲೆ ಹಾಕಿ ಮಲಗಬಾರದೆಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ಊಟವಾದ ಮೇಲೆ ಮೊಬೈಲಿನಲ್ಲಿ ದಿಕ್ಸೂಚಿ ನೋಡಿ ತಲೆಯನ್ನು ಸರಿಯಾಗಿ ತೆಂಕಿಗೆ ಇಟ್ಟು ಮಲಗಿದೆ. ಕಣ್ಣು ಹತ್ತಿ ಬಿಡುವಷ್ಟರಲ್ಲಿ ತಲೆ ಪಡುವಿಗೆ ಹೋಗಿತ್ತು, ಇನ್ನೊಂದು ಜೊಂಪಿಗೆ ಬಡಗಿಗೆ. ಎದ್ದು ದಿಂಬು ಆಚೆ ಹಾಕಿದೆ. ಸ್ವಲ್ಪ ಹೊತ್ತಿಗೆ ಪುನಃ ಈಚೆ. ನಮ್ಮ ದೋಣಿಗೆ ಬಂದಿದ್ದ ಪಿಯರ್ ಮೇಲಿನ ಗಾಜಿನ ಕಿಂಡಿಯಿಂದ ಇದನ್ನು ನೋಡಿ, ನನಗೆ ಹೊಟ್ಟೆನೋವೆಂದು ಭಾವಿಸಿ ಏನೋ ಕಷಾಯ ಮಾಡಿಕೊಂಡು ಬಂದ. ವಿಷಯ ತಿಳಿಸಿದಾಗ ಅವನು ನಗಲಿಲ್ಲ. ತನ್ನ ಅಜ್ಜಿ ಅಪಶಕುನವೆಂದು ದೋಣಿಯಲ್ಲಿ ಮೊಲದ ಹೆಸರು ಹೇಳಲಿಕ್ಕೇ ಬಿಡುತ್ತಿರಲಿಲ್ಲ ಎಂದು ಗಂಭೀರವಾಗಿ ಹೇಳಿ, ಕಷಾಯವನ್ನು ತಾನೇ ಕುಡಿದು ಹೋದ.

ಡೀಸೆಲ್ ಧಕ್ಕೆ

ಅಂತೂ ಅಕ್ಕ ಹಟ ಹಿಡಿದು, ಡೀಸೆಲ್ ತುಂಬಿಸಿಕೊಳ್ಳಲು ದೋಣಿಯನ್ನು ಧಕ್ಕೆಗೆ ತರಿಸಿದಳು. ಅದು ಹೊರಡುವ ಮೊದಲಿನ ಕೊನೆಯ ಕೆಲಸ. ಭಾವ ಚುಕ್ಕಾಣಿಯಲ್ಲಿ, ಅಕ್ಕ ಮುಂದಿನ ತುದಿಯಲ್ಲಿ ಹಗ್ಗ ಹಿಡಿದು. ನನ್ನ ಕೈಗೆ ಗಾಳಿ ತುಂಬಿದ ರಬ್ಬರಿನ ದಿಂಬು ಕೊಟ್ಟಿದ್ದರು. ದೋಣಿ ಎಲ್ಲಿ ತಾಗುತ್ತದೋ ಅಲ್ಲಿಗೆ ಅಡ್ಡ ಇಳಿಬಿಡಬೇಕು. ಪಿಯರನ ದೋಣಿ ಆಗಲೇ ಧಕ್ಕೆಗೆ ಕಟ್ಟಿತ್ತು. ಅವನು ನಮ್ಮ ಹಗ್ಗ ಹಿಡಿಯಲು ಧಕ್ಕೆಯ ಮೇಲೆ ನಿಂತಿದ್ದ.

“ತೆಂಕ್ ಬದಿ! ಸುಮತಿ, ತೆಂಕ್ ಬದಿ ಹಾಕ್!” ಎಂದು ಭಾವ ಕೂಗಿದರು.

ನಾನು ಓಡಿದೆ. ನಾನು ಓಡುವುದಕ್ಕೂ ಅವರು ಚುಕ್ಕಾಣಿ ತಿರುಗಿಸುವುದಕ್ಕೂ ಸರಿಯಾಯಿತು. ತಲುಪಿದಾಗ ಅದು ಮೂಡು ಬದಿಯಾಗಿತ್ತು. ತೆಂಕನ್ನು ಹುಡುಕಿಕೊಂಡು ಹಿಂದಕ್ಕೆ ಓಡಿದೆ. “ಅಲ್ಲಲ್ಲ, ಪಡು! ಪಡು!” ಎಂದು ಅಕ್ಕ ಮುಂದಿನಿಂದ ಕೂಗಿದಳು. ಪಿಯರ್ ಎರಡೂ ಕೈ ಬೀಸುತ್ತ “ಪೋರ್ಟ್! ಪೋರ್ಟ್!” ಎಂದು ಅರಚಿದ. ದೋಣಿಯವರ ಮಾತಿನಲ್ಲಿ ಅದಕ್ಕೆ ಎಡಬದಿ ಎಂದು ಅರ್ಥವಂತೆ. ಬಂದರಿಗೆ ಸ್ವಾಗತ ಮಾಡುತ್ತಿದ್ದಾನೆಂದು ತಿಳಿದು ನಾನು ಒಂದು ಕೈಯಲ್ಲಿ ದಿಂಬು ಹಿಡಿದು, ಇನ್ನೊಂದು ಕೈಯನ್ನು ಅವನಿಗೆ ಬೀಸಿದೆ.

ದೋಣಿ ದೋಣಿಗೆ ಬಡಿಯಿತು. ತುಳಸಿಯ ಕುಂಡ ಒಂದು ಕ್ಷಣ ಅಂಚಿನಲ್ಲಿ ನಿಂತು ಯೋಚಿಸಿ ನೀರಿಗೆ ಬಿತ್ತು. “ಅಯ್ಯೋ ದೇವರೇ” ಎಂದು ಅಕ್ಕ ಹಗ್ಗ ಬಿಟ್ಟು ಕೈಮುಗಿದಳು. ಹಗ್ಗ ಬಿಟ್ಟದ್ದರಿಂದ ದೋಣಿ ಇನ್ನೊಂದು ಸಲ ಬಡಿಯಿತು.

ಆಮೇಲಿನ ಜಗಳವನ್ನು ಬರೆಯುವುದು ಬೇಡ. ದೋಣಿಯನ್ನು ಅದೇ ಧಕ್ಕೆಗೆ ಕಟ್ಟಿ ಮೂವರೂ ಒಳಗೆ ಕೂತೆವು. ಅಕ್ಕ ತಲೆಯ ಮುಟ್ಟಾಳೆ ತೆಗೆದು ಮೊಳೆಗೆ ತೂಗುಹಾಕಿದಳು.

“ಬದಿ ಗೊತ್ತಿಲ್ದವ್ರ್ ಸಮುದ್ರಕ್ಕ್ ಹೋಪುದಲ್ಲ. ಆಯ್ತ್, ದೋಣಿ ಮಾರುವ. ಸುಮತಿ ಒಟ್ಟಿಗೇ ಊರಿಗ್ ಹೋಪ.”

ಭಾವ ಎದ್ದು ಚಹಾಕ್ಕೆ ನೀರಿಟ್ಟರು. ಆ ಮನುಷ್ಯ ಚಹಾಕ್ಕೆ ನೀರಿಟ್ಟದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಾನು ಬಂದ ಕೆಲಸ ಆಯಿತು. ಸಂತೋಷವಾಯಿತೆಂದು ಹೇಳಲು ನನಗೆ ನಾಚಿಕೆಯಿಲ್ಲ. ಎರಡು ಮನೆಗಳ ನಡುವಿನ ತಡಮೆ ಕಣ್ಣಿಗೆ ಕಾಣಿಸಿತು. ಆಗ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಮಿಲ್ಲಿನಲ್ಲಿ ಮೂಟೆ ಅಡ್ಡಾದಿಡ್ಡಿ ಇಟ್ಟದ್ದನ್ನು ಕಂಡರೂ ಹೇಳದೆ ಇರಲಾಗದ ಬಾಯಿ ಇದು.

“ಹಾಂಗಾರೂ ನೀವ್ ಇಬ್ರೂ ಎಂತ ಜನ ಮಾರಾಯ್ರೆ! ದೋಣಿ ತಿರುಗ್ತ್, ದಿಕ್ಕ್ ತಿರುಗ್ತಿಲ್ಲೆ. ಅಂದ್ಮೇಲೆ ದೋಣಿ ಒಳ್ಗೇ ಊರ್ ಇಟ್ಕಣ್ಕ್ ಅಲ್ದಾ?” ಎಂದೆ.

ದೋಣಿ ಬಡಿದಾಗ ಚೆಲ್ಲಿದ್ದ ಚಹಾದಲ್ಲಿ ಬೆರಳದ್ದಿ ಮೇಜಿನ ಮೇಲೆ ದೋಣಿ ಬರೆದೆ. “ಕಾಣಿ, ನಮ್ಮ ಊರ್ ಬಡಗಿಂದ ತೆಂಕಿಗ್ ಇಪ್ಪ ಹಾಂಗೇ. ಮುಂದಿನ ತುದಿ ಬೈಂದೂರ್. ನಡುವಿನ ಹಾಯಿಕಂಬ ಕುಂದಾಪ್ರ. ಹಿಂದೆ ಚುಕ್ಕಾಣಿ ಇಪ್ಪುದ್ ಬ್ರಹ್ಮಾವರ. ಬೈಂದೂರಿಗ್ ಮುಖ ಮಾಡಿ ನಿಂತ್ರೆ ಈಚಿ ಬದಿ ಬೀಜಾಡಿ, ಆಚಿ ಬದಿ ಬಾರ್ಕೂರ್. ದೋಣಿ ಹ್ಯಾಂಗ್ ತಿರುಗ್ರೂ ಬಾರ್ಕೂರ್ ಬೀಜಾಡಿ ಬದಿಗ್ ಬತ್ತಾ?”

ಭಾವನ ಕೈಯಲ್ಲಿ ಚಹಾದ ಪಾತ್ರೆ ಹಾಗೆಯೇ ನಿಂತಿತು. ಅಕ್ಕ ಮೇಜಿನ ಮೇಲೆ ಒಣಗುತ್ತಿದ್ದ ಬೈಂದೂರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ಮುಖ ನೋಡಿದ ಕೂಡಲೇ ನಾನು ಎಂಥ ಕೆಲಸ ಮಾಡಿಕೊಂಡೆ ಎಂದು ನನಗೆ ತಿಳಿಯಿತು.

ಬಕಾರದ ಕಾಟ

ಮರುದಿನವೇ ಅಭ್ಯಾಸ ಸುರುವಾಯಿತು. ಗಾಳಿಯಿಲ್ಲದಾಗ ಎಲ್ಲ ಸರಿಯಾಗಿತ್ತು. ಗಾಳಿ ಎದ್ದ ಮೇಲೆ ಒಂದು ತೊಡಕು ಗೊತ್ತಾಯಿತು. ಬೈಂದೂರು, ಬ್ರಹ್ಮಾವರ, ಬೀಜಾಡಿ, ಬಾರ್ಕೂರು. ಹಾಯಿಯ ಫಡಫಡದ ನಡುವೆ ಕಿವಿಗೆ ಬೀಳುವುದು ಬರೀ ‘ಬ’. ಭಾವ ಬಾರ್ಕೂರೆಂದು ಕೂಗಿದರೆ ಅಕ್ಕ ಬೈಂದೂರಿಗೆ, ನಾನು ಬೀಜಾಡಿಗೆ. ಒಂದು ಸಲ ಅವರು ಬರೀ “ಬಾ!” ಎಂದು ಕರೆದದ್ದಕ್ಕೆ ನಾವಿಬ್ಬರೂ ಎರಡು ಊರಿಗೆ ಹೋಗಿ ನಿಂತಿದ್ದೆವು.

ಮೂರು ಜನ ಕೂತು ಊರುಗಳನ್ನು ಬದಲಾಯಿಸಿದೆವು. ಬಾರ್ಕೂರಿನ ಜಾಗಕ್ಕೆ ಹಾಲಾಡಿ ಬಂತು. ಬ್ರಹ್ಮಾವರವನ್ನು ಬಿಡಲು ಭಾವ ಒಪ್ಪಲಿಲ್ಲ, ಅದು ಅವರ ತಾಯಿಯ ಊರು. ಚುಕ್ಕಾಣಿಯಲ್ಲಿ ಅವರೇ ನಿಲ್ಲುವುದರಿಂದ ಅದನ್ನು ಕೂಗುವ ಪ್ರಸಂಗವಿಲ್ಲವೆಂದು ಇರಲಿ ಎಂದೆವು. ಬೈಂದೂರಿಗೆ ಇನ್ನು ಅಕ್ಕನೇ ಖಾಯಂ, ಹಾಗಾಗಿ ಅದೂ ಉಳಿಯಿತು. ಬೀಜಾಡಿಯನ್ನು ತೆಗೆದು ಕೋಟೇಶ್ವರ ಎಂದಿಡುವ ಎಂದರು ಭಾವ. ಅದಕ್ಕೆ ಅಕ್ಕ ಬಿಡಲಿಲ್ಲ.

“ಬೀಜಾಡಿ ಇರ್ಲಿ. ನಾ ಮಲ್ಕಂಬುದ್ ಆ ಬದಿಗೆ” ಎಂದಳು.

ಪಿಯರನಿಗೆ ನಾವು ಹೊಸ ಕುಂಡದಲ್ಲಿ ತುಳಸಿ ಹುಡುಕಿ ತಂದುಕೊಟ್ಟೆವು. ಅವನು ಊರುಗಳ ಹೆಸರನ್ನು ನಮಗಿಂತ ಬೇಗ ಕಲಿತ. ದೋಣಿ ಧಕ್ಕೆಗೆ ಬರುವಾಗ ಅವನು ಕೈ ಬಾಯಿಗಿಟ್ಟು “ಆಲಾಡೀ! ಆಲಾಡೀ!” ಎಂದು ಕೂಗಿದರೆ, ದಿಂಬು ಸರಿಯಾಗಿ ಆಚಿ ಬದಿಗೆ ಇಳಿಯುತ್ತಿತ್ತು. ಗಂಡ ಹೆಂಡತಿ ಜಗಳವಿಲ್ಲದೆ ದೋಣಿಯನ್ನು ಕಟ್ಟಿದರು. ಭಾವನಿಗೆ ಹೇಳಿಕೊಳ್ಳಲು ಇನ್ನು ಯಾವ ನೆಪವೂ ಉಳಿಯಲಿಲ್ಲ. ಅಕ್ಕ ಕಾಣದಾಗ ಅವರು ನನ್ನ ಹತ್ತಿರ ಬಂದು, “ನಿನ್ನ ಕರ್ಸಿದ್ದ್ ಎಂತಕ್ಕೆ, ನೀ ಮಾಡಿದ್ದ್ ಎಂತ?” ಎಂದು ಕೇಳಿದರು.

ಹಗ್ಗ

ಹೊರಡುವ ಬೆಳಿಗ್ಗೆ ನಾನು ನನ್ನ ಚೀಲದೊಂದಿಗೆ ಧಕ್ಕೆಯ ಮೇಲೆ ನಿಂತಿದ್ದೆ. ದೋಣಿಯ ಬೇರೆ ಹಗ್ಗಗಳೆಲ್ಲ ಒಳಗೆ ಹೋಗಿದ್ದವು. ಕೊನೆಯದು ಧಕ್ಕೆಯ ಗೂಟಕ್ಕೆ ಒಂದು ಸುತ್ತು ಬಂದು ನನ್ನ ಕೈಯಲ್ಲಿತ್ತು. ಬಿಡು ಎಂದಾಗ ಬಿಡಬೇಕು, ಅಷ್ಟೇ ನನ್ನ ಕೆಲಸ. ಇಂಜಿನು ಗುರುಗುಟ್ಟುತ್ತಿತ್ತು.

“ಬಿಡ್” ಎಂದಳು ಅಕ್ಕ.

ನಾನು ಬಿಡಲಿಲ್ಲ. ಹಗ್ಗ ಬಿಗಿಯಿತು. ಚುಕ್ಕಾಣಿಯಲ್ಲಿದ್ದ ಭಾವ ತಿರುಗಿ ನನ್ನನ್ನೇ ನೋಡಿದರು. ಆ ಕಣ್ಣಿನಲ್ಲಿ ಇದ್ದದ್ದು ಬೇಡಿಕೆಯೇ. ಇನ್ನೊಂದು ಸುತ್ತು ಹಾಕಿದರೆ ಸಾಕಿತ್ತು. ಅವರೂ ಇಂಜಿನು ನಿಲ್ಲಿಸುತ್ತಿದ್ದರು, ಗಾಳಿ ಬದಲಾಗುತ್ತಿತ್ತು, ಮುಂದಿನ ವರ್ಷಕ್ಕೆ ಯಾರು ಹೇಗೋ ಏನೋ.

“ಹ್ವಾಯ್ ಸುಮತಿ, ಬಿಡ್ತ್ಯಾ ಇಲ್ಯಾ?”

“ಇಲ್ಲೆ.”

ಅಕ್ಕ ಮುಂದಿನಿಂದ ಇಳಿದು ಬದಿಗೆ ಬಂದಳು. ನಮ್ಮ ನಡುವೆ ಒಂದು ಮಾರು ನೀರಿತ್ತು. ಅವಳು ಬೈಯುತ್ತಾಳೆಂದು ತಿಳಿದಿದ್ದೆ.

“ನಂಗೂ ಹೆದ್ರಿಕಿ ಇತ್ತ್” ಎಂದಳು ಮೆಲ್ಲಗೆ, ಭಾವನಿಗೆ ಕೇಳಿಸದ ಹಾಗೆ. “ನೀ ಹಿಡ್ಕಂಡ್ರೆ ನಾ ಬಿಡ್ಸ್ಕಂಡ್ ಹೋತಿಲ್ಲೆ. ನೀನೇ ಬಿಡ್.”

ಅವಳು ಮದುವೆಯಾಗಿ ಮುಂಬೈಗೆ ಹೊರಟಾಗ ಬಸ್ಸು ಹೊರಟುಹೋಗಿತ್ತು, ಅಷ್ಟೇ. ನನ್ನನ್ನು ಯಾರೂ ಕೇಳಿರಲಿಲ್ಲ. ಈ ಸಲ ಕೇಳಿದಳು. ನನಗೆ ಅಳು ಬಂತು, ಮತ್ತು ಸಿಟ್ಟೂ ಬಂತು. ಹಗ್ಗವನ್ನು ನೀರಿಗೆ ಎಸೆದೆ. ಎಸೆಯಬಾರದಂತೆ, ಅದು ನೀರಿನೊಳಗಿನ ಇಂಜಿನಿನ ಪಂಖಕ್ಕೆ ಸುತ್ತಿಕೊಳ್ಳುತ್ತದಂತೆ. ಪಿಯರ್ ತಲೆ ಚಚ್ಚಿಕೊಂಡು ಫ್ರೆಂಚಿನಲ್ಲಿ ಏನೋ ಎಂದ. ಅಕ್ಕ ಅದನ್ನು ಸರಸರನೆ ಎಳೆದು ಸುರುಳಿ ಸುತ್ತಿದಳು. ಸುತ್ತುವಾಗ ಒಂದು ಸಲವೂ ತಲೆ ಎತ್ತಲಿಲ್ಲ. ದೋಣಿ ದೊಡ್ಡ ನೀರಿಗೆ ಹೋಗಿ ಹಾಯಿ ಬಿಚ್ಚುವ ತನಕ ನಾನು ಅಲ್ಲಿಯೇ ನಿಂತಿದ್ದೆ.

ಕೋಟೇಶ್ವರ

ಊರಿಗೆ ಬಂದ ಮರುದಿನ ಮಿಲ್ಲಿನ ಎದುರು ಬಸ್ಸಿಗೆ ನಿಂತಿದ್ದ ಹಳೆಯ ಗಿರಾಕಿ ಗಿರಿಜಮ್ಮ ನನ್ನನ್ನು ಕಂಡು ನಿಲ್ಲಿಸಿದರು. ಅವರಿಗೆ ನಾನು ಹೋದದ್ದು ಯಾವ ದೇಶಕ್ಕೆಂದು ನೆನಪಿರಲಿಲ್ಲ, ಅಕ್ಕನನ್ನು ಕರೆತರಲು ಹೋದದ್ದೆಂದು ಮಾತ್ರ ನೆನಪಿತ್ತು.

“ಜಲಜ ಬಂದ್ಲಾ? ಕಾಣ್ದೇ ಎಷ್ಟ್ ಕಾಲ ಆಯ್ತ್. ಮನಿಯಲ್ಲ್ ಇದ್ಲಾ?”

ದೋಣಿ, ಗಾಳಿ, ಇಂಡೋನೇಷ್ಯಾ ಎಂದು ಬಸ್ ನಿಲ್ದಾಣದಲ್ಲಿ ನಿಂತು ವಿವರಿಸುವ ಶಕ್ತಿ ನನ್ನಲ್ಲಿರಲಿಲ್ಲ.

“ಇಲ್ಲೆ. ತೆಂಕಿಗ್ ಹೋಯ್ದ್ಲ್” ಎಂದೆ.

“ಓ, ಉಡ್ಪಿಗಾ?” ಎಂದು ಅವರು ಬಂದ ಬಸ್ಸಿಗೆ ಕೈ ಹಿಡಿದರು. “ಹಾಂಗಾರೆ ಸಂಜಿ ಬಸ್ಸಿಗ್ ಬತ್ಲ್ ಬಿಡಿ.”

“ಹೌದ್, ಬತ್ಲ್” ಎಂದೆ.